ಜಿಮ್ನಿಗೆ 40 ಮಿ.ಮೀ. ಲಿಫ್ಟ್ ಕಿಟ್: ಮನೇಲೇ ಹಾಕೋದಾದ್ರೆ ಏನೇನು ನೋಡ್ಕೋಬೇಕು?

ಪ್ರಶ್ನೆ, ಹೊಸನಗರ ಕಡೆಯಿಂದ

ಗಾಡಿ ಮಾರುತಿ ಜಿಮ್ನಿ (ಚಿಕ್ಕ 4x4), 5 ಡೋರ್. ಓಡಾಟ ನಗರ ಹೋಬಳಿಯ ಒಳರಸ್ತೆ, ತೋಟದ ದಾರಿ, ಆಗಾಗ ಹುಲಿಕಲ್ ಘಾಟಿ ಇಳಿದು ಕುಂದಾಪುರ. ಗಾಡಿ ಎತ್ತರಿಸೋ 40 ಮಿ.ಮೀ. ಲಿಫ್ಟ್ ಕಿಟ್ ತರಿಸ್ಬೇಕು ಅಂತಿದೀನಿ. ಅದರಲ್ಲಿ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕಪ್, ಅಷ್ಟೇ. ಮನೇಲಿ ಹಾಕಬಹುದಾ? ಅಂಗಳ ಮಣ್ಣಿಂದು, ಕೊಟ್ಟಿಗೆ ಪಕ್ಕ ಕಾಂಕ್ರೀಟ್ ಹಾಸಿದ ಜಾಗ ಇದೆ. ಸ್ಪ್ಯಾನರ್ ಸೆಟ್ ಇದೆ, ಕೈಗೆ ಕೆಲಸ ಬರುತ್ತೆ. ಎಲ್ಲೆಲ್ಲಿ ಎಡವಟ್ಟಾಗುತ್ತೆ ಅಂತ ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿ

ಹಾಕಬಹುದು. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಹಾಗಾಗಿ ಸ್ವಿಫ್ಟ್, ಬಲೆನೊ ತರ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಒತ್ತೋ ಅಪಾಯದ ಕೆಲಸ ಇಲ್ಲ. ಆಕ್ಸಲ್ ಕೆಳಗಿಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತೆ.

ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಲಿಫ್ಟ್ ಹಾಕಿದ ಮಾತ್ರಕ್ಕೆ ಡಿಫರೆನ್ಷಿಯಲ್ ಗುಂಡು (ಆಕ್ಸಲ್ ಮೇಲೆ ಗೇರು ಇರೋ ಉಬ್ಬು) ನೆಲದಿಂದ ಒಂದು ಮಿ.ಮೀ. ಕೂಡ ಮೇಲೆ ಹೋಗಲ್ಲ. ಅದು ಆಕ್ಸಲ್ ಜೊತೆ ಇರೋದು, ಅದರ ಎತ್ತರ ಟೈರ್ ತೀರ್ಮಾನ ಮಾಡುತ್ತೆ. ಮೇಲೇಳೋದು ಚಾಸಿ, ಬಾಡಿ, ಬಂಪರ್. ತೋಟದ ದಾರಿಲಿ ನಡುವಿನ ದಿಣ್ಣೆ ಚಾಸಿಗೆ ಉಜ್ಜುತ್ತೆ ಅಂತಾದ್ರೆ ಲಿಫ್ಟ್ ಉಪಯೋಗ. ಗುಂಡು ಕಲ್ಲಿಗೆ ಬಡಿಯುತ್ತೆ ಅಂತಾದ್ರೆ ದುಡ್ಡು ದಂಡ.

ಇನ್ನೊಂದು, ನಾಲ್ಕು ಸ್ಪ್ರಿಂಗು ನಾಲ್ಕು ಶಾಕಪ್ ಮಾತ್ರ ಇದ್ದರೆ ಅದು ಅರ್ಧ ಕಿಟ್. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗೋ ಅಚ್ಚು ಹಿಂದಕ್ಕೆ ವಾಲಿರೋ ಕೋನ) ಸರಿಮಾಡೋ ಬುಶ್ ಅಥವಾ ಬ್ರಾಕೆಟ್, ಬಂಪ್ ಸ್ಟಾಪ್ (ಆಕ್ಸಲ್ ಮೇಲೆ ಬಡಿಯದ ಹಾಗೆ ತಡೆಯೋ ರಬ್ಬರ್) ಸ್ಪೇಸರ್, ಬ್ರೇಕ್ ಹೋಸ್ ಇಳಿಸೋ ಬ್ರಾಕೆಟ್, ಅಡ್ಜಸ್ಟ್ ಮಾಡಬಹುದಾದ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯೋ ರಾಡ್), ಇಷ್ಟಕ್ಕೂ ಲೆಕ್ಕ ಹಾಕಿ. ಸ್ಪ್ರಿಂಗ್ ಬದಲಿಸೋದು ಒಂದು ದಿನದ ಕೆಲಸ, ಗಾಡಿ ನೆಟ್ಟಗೆ ಓಡೋ ಹಾಗೆ ಮಾಡೋದು ಉಳಿದ ಸಾಮಾನು.

ಸಾಗರ

ಕೆಲಸದ ಕ್ರಮ ಬರೀತೀನಿ. ಹಿಂದಿನ ರಾತ್ರಿಯೇ ಶಾಕಪ್ ಬೋಲ್ಟ್, ಪ್ಯಾನ್‌ಹಾರ್ಡ್ ಬೋಲ್ಟ್, ಮುಂದಿನ ಸ್ಟೆಬಿಲೈಸರ್ (ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ರಾಡ್) ಲಿಂಕ್ ಎಲ್ಲದರ ಚೂಡಿಯನ್ನ ವೈರ್ ಬ್ರಷ್‌ನಲ್ಲಿ ತಿಕ್ಕಿ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ನಮ್ಮ ಕಡೆ ಎರಡು ಮಳೆಗಾಲ ಕಂಡ ಗಾಡಿಯಲ್ಲಿ ಶಾಕಪ್ ಕೆಳಗಿನ ಬೋಲ್ಟ್ ಸುಲಭಕ್ಕೆ ಬರಲ್ಲ. ಗ್ಯಾಸ್ ಬೆಂಕಿ ಕೊಟ್ಟು ಬಿಚ್ಚೋಕೆ ಹೋಗ್ಬೇಡಿ, ಪಕ್ಕದಲ್ಲೇ ರಬ್ಬರ್ ಬುಶ್, ಬ್ರೇಕ್ ಪೈಪ್ ಇರುತ್ತೆ.

ಬಿಚ್ಚೋ ಮೊದಲು ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಟ್ಕೊಳ್ಳಿ. ನೆಲದಿಂದ ಅಳೆದರೆ ಟೈರ್ ಗಾಳಿ ವ್ಯತ್ಯಾಸ ಸೇರಿಕೊಳ್ಳುತ್ತೆ. ಈ ನಾಲ್ಕು ಅಂಕಿ ಇಲ್ಲದಿದ್ದರೆ ಆಮೇಲೆ ಗಾಡಿ ಒಂದು ಕಡೆ ವಾಲಿದೆಯಾ, ಮೊದಲೇ ವಾಲಿತ್ತಾ ಅನ್ನೋದು ಬಗೆಹರಿಯಲ್ಲ.

ಜಾಗ ಕಾಂಕ್ರೀಟೇ ಆಗಬೇಕು. ಸಗಣಿ ಸಾರಿಸಿದ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಇಳಿಯುತ್ತೆ. ಜಂಬಿಟ್ಟಿಗೆ ಕಲ್ಲು ಜೋಡಿಸಿ ಅದರ ಮೇಲೆ ಗಾಡಿ ನಿಲ್ಲಿಸೋ ಅಭ್ಯಾಸ ಇಲ್ಲಿ ಬಹಳ ಇದೆ, ಬೇಡವೇ ಬೇಡ. ಅದು ಗೋಡೆಲಿ ಹರಡಿದ ಭಾರ ತಡೆಯೋ ಕಲ್ಲು. ಜಾಕಿ ತಲೆಯಂಥ ಚೂಪು ಭಾರಕ್ಕೆ, ಅದರಲ್ಲೂ ಮಳೆನೀರು ಕುಡಿದಿದ್ದರೆ, ಮುನ್ಸೂಚನೆ ಇಲ್ಲದೆ ಒಡೆಯುತ್ತೆ. 3 ಟನ್ನಿನ, ಸುಮಾರು 50 ಸೆಂ.ಮೀ. ಎತ್ತರಕ್ಕೆ ಬರೋ ಸ್ಟ್ಯಾಂಡ್ ಒಂದು ಜೊತೆ ತನ್ನಿ. ಚಿಕ್ಕ 2 ಟನ್ ಸ್ಟ್ಯಾಂಡ್ ಭಾರ ತಡೆದರೂ ಎತ್ತರ ಸಾಲಲ್ಲ, ಆಕ್ಸಲ್ ಇಳಿಸೋಕೆ ಜಾಗ ಸಿಗಲ್ಲ.

ಹಿಂದಿನಿಂದ ಶುರು ಮಾಡಿ, ಅದು ಸಲೀಸು. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್ ಬ್ರೇಕ್ ಲೆಕ್ಕಕ್ಕಿಲ್ಲ, ಅದು ಹಿಡಿಯೋದು ಹಿಂದಿನ ಡ್ರಮ್ಮನ್ನ ಮಾತ್ರ. ಮುಂದಿನ ಎರಡೂ ಚಕ್ರಕ್ಕೆ ಹಿಂದೂ ಮುಂದೂ ಮರದ ತುಂಡು ಅಡ್ಡ ಕೊಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಹೌಸಿಂಗ್ ಕೆಳಗೆ ಟ್ರಾಲಿ ಜಾಕಿ ಹಿಡಿಸಿ, ಆಮೇಲೇ ಚಕ್ರ ಬಿಚ್ಚಿ. ಎಬಿಎಸ್ ಸೆನ್ಸರ್ ವೈರು, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಹೋಸ್, ಬ್ರೀದರ್ ಪೈಪ್ (ಆಕ್ಸಲ್ ಒಳಗಿನ ಗಾಳಿ ಆಡೋ ಪೈಪ್) ಇವುಗಳ ಕ್ಲಿಪ್ ಬಿಡಿಸಿದ ನಂತರ ಎರಡೂ ಶಾಕಪ್ಪಿನ ಕೆಳಗಿನ ಬೋಲ್ಟ್ ತೆಗೆದು ಜಾಕಿಯನ್ನ ಇಂಚಿಂಚು ಇಳಿಸಿ. ಪ್ರತಿ ಇಂಚಿಗೂ ಹೋಸ್ ಕಡೆ ಕಣ್ಣಿರಲಿ, ಆಕ್ಸಲ್ ಭಾರ ಹೋಸಿಗೆ ಬಿದ್ದರೆ ಒಳಗಡೆ ಸೀಳುತ್ತೆ, ಹೊರಗೆ ಕಾಣಲ್ಲ.

ಹೊಸ ಸ್ಪ್ರಿಂಗ್ ಕೂರಿಸುವಾಗ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿರಬೇಕು, ಮೇಲಿನ ರಬ್ಬರ್ ವಾಶರ್ ಬಿಡಬೇಡಿ. ಮೆಟ್ಟಿಲು ಹತ್ತಿ ಕೂತರೆ ಆ ಮೂಲೆ 10-15 ಮಿ.ಮೀ. ಎತ್ತರ ಕಾಣುತ್ತೆ, ಓಡಿಸಿದಾಗ ಒಂದು ದಿನ ಟಣ್ ಅಂತ ಜಾರುತ್ತೆ. ಕೆಲವು ಕಿಟ್ಟಿನಲ್ಲಿ ಡ್ರೈವರ್ ಕಡೆ ಸ್ಪ್ರಿಂಗ್ ಸ್ವಲ್ಪ ಉದ್ದ ಇರುತ್ತೆ, ಗುರುತು ನೋಡಿ ಹಾಕಿ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ನೋಡಿದ್ರೆ ಗೊತ್ತಾಗುತ್ತೆ.

ಮುಂದಿನದೂ ಇದೇ ಕ್ರಮ, ಜೊತೆಗೆ ಸ್ಟೆಬಿಲೈಸರ್ ಲಿಂಕ್ ಬಿಚ್ಚಬೇಕು. ಶಾಕಪ್ಪಿಗೆ ಮೇಲ್ಗಡೆ ಸ್ಟೆಮ್ ಇರೋ ಕಡೆ ನಟ್ಟು ತಿರುಗಿಸಿದರೆ ಇಡೀ ರಾಡ್ ತಿರುಗುತ್ತೆ. ತುದಿಯಲ್ಲಿರೋ ಚಪ್ಪಟೆ ಭಾಗವನ್ನ ಚಿಕ್ಕ ಸ್ಪ್ಯಾನರಿನಲ್ಲಿ ಹಿಡಿದು ನಟ್ಟು ತಿರುಗಿಸಿ. ಹೊಸ ಶಾಕಪ್ಪಿನ ಹೊಳೆಯೋ ರಾಡನ್ನ ಕಟಿಂಗ್ ಪ್ಲೇಯರಿನಲ್ಲಿ ಹಿಡಿಯೋರಿದ್ದಾರೆ, ಗೀರು ಬಿತ್ತು ಅಂದ್ರೆ ಆ ಗೀರೇ ಆಯಿಲ್ ಸೀಲ್ ಹರಿಯುತ್ತೆ.

ಇಡೀ ಕೆಲಸದಲ್ಲಿ ಜನ ತಪ್ಪೋದು ಹೆಚ್ಚಾಗಿ ಇಲ್ಲಿ: ರಬ್ಬರ್ ಬುಶ್ ಇರೋ ಯಾವ ಬೋಲ್ಟನ್ನೂ, ಅಂದರೆ ಶಾಕಪ್ ಕಣ್ಣು, ಪ್ಯಾನ್‌ಹಾರ್ಡ್, ಆಕ್ಸಲ್ ಹಿಡಿಯೋ ತೋಳು, ಗಾಡಿ ಎತ್ತಿದ ಸ್ಥಿತಿಲಿ ಪೂರ್ತಿ ಬಿಗಿ ಮಾಡಬಾರದು. ಬೆರಳಲ್ಲಿ ಬಿಗಿದು, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕುಲುಕಿಸಿ, ಆಮೇಲೆ ಕೆಳಗೆ ಮಲಗಿ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಈ ಬುಶ್ಶುಗಳಲ್ಲಿ ರಬ್ಬರ್ ಜಾರಲ್ಲ, ತಿರುಚುತ್ತೆ. ತೂಗುಬಿದ್ದ ಸ್ಥಿತಿಲಿ ಬಿಗಿದರೆ ಗಾಡಿ ನಿಂತಿರುವಾಗಲೂ ತಿರುಚಿಕೊಂಡೇ ಇರುತ್ತೆ, ಕೆಲವೇ ತಿಂಗಳಲ್ಲಿ ಹರಿಯುತ್ತೆ. ಟಾರ್ಕ್ ಅಂಕಿ ಸರ್ವಿಸ್ ಮ್ಯಾನ್ಯುಯಲ್ ನೋಡಿ ತಗೊಳ್ಳಿ, ಅಂದಾಜಿಗೆ ಬಿಡಬೇಡಿ.

ಶಿವಮೊಗ್ಗ

ಸಾಗರದವರು ಹಾಕೋದನ್ನ ಚೆನ್ನಾಗಿ ಹೇಳಿದಾರೆ. ಹಾಕಿದ ಮೇಲಿನ ಕಥೆ ನಾನು ಹೇಳ್ತೀನಿ.

ಮೊದಲನೇದು ಕ್ಯಾಸ್ಟರ್. ಮುಂದಿನ ಆಕ್ಸಲ್ಲನ್ನ ಹಿಡಿದಿರೋ ಎರಡು ಉದ್ದ ತೋಳು ಚಾಸಿಗೆ ಒಂದು ಬುಶ್ಶಿನಲ್ಲಿ ಕೂತಿವೆ. ಚಾಸಿ ಮೇಲೆ ಹೋದಾಗ ತೋಳು ಕೆಳಮುಖ ಆಗುತ್ತೆ, ಜೊತೆಗೆ ಆಕ್ಸಲ್ ಕೂಡ ಸ್ವಲ್ಪ ಉರುಳುತ್ತೆ, ಕ್ಯಾಸ್ಟರ್ ಕಮ್ಮಿ ಆಗುತ್ತೆ. ಲೆಕ್ಕ ಸುಲಭ: ಎತ್ತರಿಸಿದ ಮಿ.ಮೀ.ಯನ್ನ ತೋಳಿನ ಉದ್ದದಿಂದ ಭಾಗಿಸಿ 57ರಿಂದ ಗುಣಿಸಿ. ಆಕ್ಸಲ್ಲಿನಿಂದ ಚಾಸಿ ಬುಶ್ಶಿಗೆ 900 ಮಿ.ಮೀ. ಇದ್ದರೆ 40 ಮಿ.ಮೀ. ಲಿಫ್ಟಿಗೆ ಸುಮಾರು 2.5 ಡಿಗ್ರಿ ಹೋಯ್ತು. ನಿಮ್ಮದನ್ನ ಟೇಪಲ್ಲಿ ಅಳೆದು ನೋಡಿ. ಪರಿಣಾಮ ಏನಪ್ಪಾ ಅಂದ್ರೆ, ಹೇರ್‌ಪಿನ್ ತಿರುವಿ ಕೈ ಸಡಿಲ ಮಾಡಿದಾಗ ಸ್ಟೀರಿಂಗ್ ತಾನಾಗೇ ವಾಪಸ್ ಬರಲ್ಲ. ಆಗುಂಬೆಲಿ 14 ತಿರುವಲ್ಲೂ ಕೈಯಲ್ಲೇ ಎಳ್ಕೋಬೇಕು. ನೇರ ರಸ್ತೆಲಿ 80 ದಾಟಿದರೆ ಗಾಡಿ ಅತ್ತಿತ್ತ ಹುಡುಕುತ್ತೆ.

ಇದಕ್ಕೆ ತೂತು ಪಕ್ಕಕ್ಕಿರೋ ಕ್ಯಾಸ್ಟರ್ ಬುಶ್ ಅಥವಾ ಕರೆಕ್ಷನ್ ಬ್ರಾಕೆಟ್ ಹಾಕಬೇಕು. ಬುಶ್ ತೆಗೆದು ಹಾಕೋಕೆ ಹೈಡ್ರಾಲಿಕ್ ಪ್ರೆಸ್ ಬೇಕೇ ಬೇಕು, ಸುತ್ತಿಗೆಲಿ ಹೊಡೆದರೆ ತೋಳಿನ ಕಣ್ಣು ಓವಲ್ ಆಗುತ್ತೆ. ತೋಳು ಮಾತ್ರ ಬಿಚ್ಚಿ ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ತನ್ನಿ, ಪ್ರೆಸ್ ಇರೋ ಕಡೆ ವಿಚಾರಿಸಿ ಒತ್ತಿಸ್ಕೊಂಡು ಹೋಗಿ. ಬುಶ್ಶಿನ ದಿಕ್ಕು ಮಾತ್ರ ನೀವೇ ಮಾರ್ಕರಲ್ಲಿ ಗುರುತು ಹಾಕಿ ಕೊಡಿ. ಉಲ್ಟಾ ಕೂತರೆ ಇದ್ದ ಕ್ಯಾಸ್ಟರೂ ಹೋಗುತ್ತೆ. ಅಲೈನ್‌ಮೆಂಟ್ ಮಾಡಿಸುವಾಗ ಕ್ಯಾಸ್ಟರ್ ಅಂಕಿ ಕೇಳಿ ಬರೆಸ್ಕೊಳ್ಳಿ. ಗಟ್ಟಿ ಆಕ್ಸಲ್ಲಿಗೆ ಅದು ಅಡ್ಜಸ್ಟ್ ಇಲ್ಲ ಅಂತ ಸಾಮಾನ್ಯವಾಗಿ ನೋಡೋದೇ ಇಲ್ಲ.

ಎರಡನೇದು ಪ್ಯಾನ್‌ಹಾರ್ಡ್ ರಾಡ್. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ಗಾಡಿ ಎತ್ತರ ಆದಾಗ ರಾಡ್ ಓರೆ ಆಗಿ, ಆಕ್ಸಲ್ಲನ್ನ ಚಾಸಿ ತುದಿ ಇರೋ ಕಡೆಗೆ ಎಳೆಯುತ್ತೆ. ಗಾರೆಯವರ ತೂಗುಗುಂಡು ತಗೊಂಡು ಎರಡೂ ಕಡೆ ಫೆಂಡರಿನಿಂದ ದಾರ ಇಳಿಬಿಟ್ಟು ಟೈರಿಗೆ ಎಷ್ಟು ಅಂತರ ಅಂತ ನೋಡಿ. ಎಡ ಬಲಕ್ಕೆ 10 ಮಿ.ಮೀ. ವ್ಯತ್ಯಾಸ ಬಂದರೆ ಆಕ್ಸಲ್ 5 ಮಿ.ಮೀ. ಸರಿದಿದೆ ಅಂತ. ಅಷ್ಟಿದ್ದರೆ ಬಿಟ್ಟಾಕಿ. ಅದಕ್ಕಿಂತ ಬಹಳ ಜಾಸ್ತಿ ಆದ್ರೆ ಅಡ್ಜಸ್ಟಬಲ್ ರಾಡ್ ಹಾಕಿ.

ಮೂರನೇದು ಸ್ಟೀರಿಂಗ್ ಸೊಟ್ಟ ಆಗೋದು. ಡ್ರಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗೋ ರಾಡ್) ಕೂಡ ಓರೆ ಆಗೋದರಿಂದ ನೇರ ಹೋಗುವಾಗ ಸ್ಟೀರಿಂಗ್ ಓರೆ ನಿಲ್ಲುತ್ತೆ. ಸ್ಟೀರಿಂಗ್ ಬಿಚ್ಚಿ ನೇರ ಕೂರಿಸ್ಬೇಡಿ ಮಾರಾಯ್ರೆ! ಡ್ರಾಗ್ ಲಿಂಕಿನ ಎರಡೂ ಲಾಕ್ ನಟ್ ಸಡಿಲಿಸಿ ನಡುವಿನ ಭಾಗ ತಿರುಗಿಸಿ ಸರಿ ಮಾಡಿ, ಅದರಲ್ಲಿ ಒಂದು ಕಡೆ ಎಡಚೂಡಿ. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಅಳತೆ) ಇದರಿಂದ ಬದಲಾಗಲ್ಲ, ಅದು ಎರಡೂ ಚಕ್ರ ಜೋಡಿಸೋ ಟೈ ರಾಡಿನದು. ಈ ಗಾಡಿಗೆ ಇಎಸ್‌ಪಿ (ಗಾಡಿ ಜಾರದ ಹಾಗೆ ತಾನೇ ಬ್ರೇಕ್ ಹಿಡಿಯೋ ವ್ಯವಸ್ಥೆ) ಇದೆ, ಸ್ಟೀರಿಂಗ್ ಸೊಟ್ಟ ಇದ್ದರೆ ನೀವು ತಿರುಗಿಸ್ತಾ ಇದೀರಿ ಅಂತ ಅದು ತಿಳ್ಕೊಂಡು ದೀಪ ಹತ್ತಿಸುತ್ತೆ, ಬೇಡದ ಕಡೆ ಬ್ರೇಕೂ ಹಿಡಿಯಬಹುದು.

ಪ್ರಶ್ನೆ ಕೇಳಿದವರು

ಎಲ್ರಿಗೂ ಥ್ಯಾಂಕ್ಸ್ ಸರ್. ಸುಗ್ಗಿ ಟೈಮಲ್ಲಿ ಹಿಂದೆ ಅಡಿಕೆ ಮೂಟೆ ಹಾಕ್ತೀವಿ. ಹಾಗಾದ್ರೆ ಹಿಂದೆ ಹೆವಿ ಸ್ಪ್ರಿಂಗೇ ತಗೊಳ್ಳೋದಾ?

ಕೊಪ್ಪ

ತಗೋಬೇಡಿ. ಹೆವಿ ಅನ್ನೋದು ವರ್ಷಪೂರ್ತಿ 150-200 ಕೆ.ಜಿ. ಹೊತ್ಕೊಂಡೇ ಓಡಾಡೋ ಗಾಡಿಗೆ. ಖಾಲಿ ಗಾಡಿಗೆ ಹಾಕಿದ್ರೆ ಹಿಂಭಾಗ ಕುಣಿಯುತ್ತೆ. ಮಳೇಲಿ ಕಿತ್ತುಹೋದ ಟಾರು ತಿರುವಲ್ಲಿ ಟೈರ್ ನೆಲ ಬಿಟ್ಟರೆ ಹಿಂದಿನಭಾಗ ಪಕ್ಕಕ್ಕೆ ಹೋಗುತ್ತೆ. ಮೀಡಿಯಂ ಸಾಕು. ಮತ್ತೆ, ಸ್ಪ್ರಿಂಗ್ ಗಟ್ಟಿ ಆದ ಕೂಡಲೇ ಹೊರೆ ಮಿತಿ ಹೆಚ್ಚಾಗಲ್ಲ. ಖಾಲಿ ತೂಕ ಸುಮಾರು 1,200 ಕೆ.ಜಿ., ಒಟ್ಟು ಮಿತಿ 1,545. ಡ್ರೈವರ್ ಸೇರಿ ಸಿಗೋದು 345 ಕೆ.ಜಿ. ಆಸುಪಾಸು, ಬುಲ್ ಬಾರ್ ಕ್ಯಾರಿಯರ್ ಹಾಕಿಸಿದ್ರೆ ಅದೂ ಇದರಲ್ಲೇ ಕಳೀಬೇಕು. ಬ್ರೇಕು, ಆಕ್ಸಲ್ ಬೇರಿಂಗ್ ಹಳೇದೇ ಅಲ್ವಾ.

ಶಾಕಪ್ ಬಗ್ಗೆಯೂ ಒಂದು ಮಾತು. ಹಳೇ ಶಾಕಪ್ಪಿಗೇ ಉದ್ದ ಸ್ಪ್ರಿಂಗ್ ಹಾಕಿ ದುಡ್ಡು ಉಳಿಸೋರಿದಾರೆ. ಕೆಳಗಿನ ಓಟ 40 ಮಿ.ಮೀ. ಕಮ್ಮಿ ಆಗಿ ಪ್ರತಿ ಹೊಂಡದಲ್ಲೂ ಟಕ್ ಅಂತ ತುದಿಗೆ ಬಡಿಯುತ್ತೆ. ಉದ್ದ ಶಾಕಪ್ ಹಾಕಿ ಬಂಪ್ ಸ್ಟಾಪ್ ಸ್ಪೇಸರ್ ಬಿಟ್ಟರೆ ಇದಕ್ಕೆ ಉಲ್ಟಾ, ರಬ್ಬರ್ ತಾಗೋ ಮೊದಲೇ ಶಾಕಪ್ ಒಳಗೆ ತಳ ಹೊಡೆಯುತ್ತೆ.

ತೀರ್ಥಹಳ್ಳಿ

ಬ್ರೇಕ್ ಹೋಸಿಗೆ ಸೇರಿಸ್ತೀನಿ. ಪೂರ್ತಿ ತೂಗುಬಿಟ್ಟಾಗ, ಮುಂದಿನದನ್ನ ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಹೋಸ್ ಇನ್ನೂ ಸಡಿಲ ಇರಬೇಕು. ಬಿಗಿ ಅನಿಸಿದರೆ ಹೋಸ್ ಬ್ರಾಕೆಟ್ಟನ್ನೇ ಕೆಳಗಿಳಿಸೋ ಪಟ್ಟಿ ಹಾಕಿ. ಆಯಿಲ್ ಲೈನ್ ಬಿಚ್ಚೋದೇ ಬೇಡ. ಉದ್ದ ಹೋಸ್ ಹಾಕಿದರೆ ಗಾಳಿ ತೆಗೀಬೇಕು, ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಇಲ್ಲದೆ ಬರಲ್ಲ.

ಆಕ್ಸಲ್ ಬ್ರೀದರ್ ಪೈಪನ್ನ ಯಾರೂ ನೋಡಲ್ಲ. ಲಿಫ್ಟಿನಿಂದ ಅದು ಎಳೆದು ಕಳಚಿಕೊಂಡರೆ ಗೊತ್ತೇ ಆಗಲ್ಲ. ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಆ ತೂತಿನಿಂದ ನೀರು ಎಳ್ಕೊಳ್ಳುತ್ತೆ. ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಇದೇ ಕಾರಣ.

ಶಿವಮೊಗ್ಗ, ಬೇರೊಬ್ಬರು

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಎ-14 ಇರಲಿ ಕೆಎ-15 ಇರಲಿ, ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ತಿಳಿಸಿ. ಅಪಘಾತ ಆದ ಮೇಲೆ ಸರ್ವೇಯರ್ ಬಂದು ಸ್ಪ್ರಿಂಗ್ ಬಣ್ಣ ನೋಡಿಯೇ ಕೇಳ್ತಾರೆ. ವಾರಂಟಿ ಇದ್ದರೆ ಸಸ್ಪೆನ್ಷನ್, ಸ್ಟೀರಿಂಗ್ ಭಾಗದ್ದನ್ನ ಮರೆತುಬಿಡಿ.

ಸಾಗರ

ಸ್ವಿಫ್ಟ್, ವ್ಯಾಗನ್ ಆರ್ ಇರೋರು ಇದನ್ನೇ ನೋಡಿ ಶುರು ಮಾಡಬೇಡಿ. ಅಲ್ಲಿ ಮುಂದೆ ಸ್ಟ್ರಟ್, ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತೆ. ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಸೀಟಿನಿಂದ ಸಡಿಲ ಆಗದೆ ಮೇಲಿನ ನಟ್ಟು ಮುಟ್ಟಿದ್ರೆ ಅದು ಮುಖಕ್ಕೇ ಹಾರೋದು. ಬೊಲೆರೊ ಹಿಂದಿನ ಪಟ್ಟಾಕ್ಕೆ ಎಲೆ ಸೇರಿಸೋರು ಯು-ಬೋಲ್ಟ್ ಹೊಸದೇ ತನ್ನಿ, ಒಮ್ಮೆ ಎಳೆದು ಬಿಗಿದದ್ದು ಮತ್ತೆ ಅದೇ ಹಿಡಿತ ಕೊಡಲ್ಲ.

ಜಿಮ್ನಿಯವರಿಗೆ ಕೊನೇದಾಗಿ: ಆರಿದ್ರೆ ಮಳೆ ಹಿಡಿಯೋ ಮೊದಲೇ ಮುಗಿಸಿ. 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿ. ಪ್ಯಾನ್‌ಹಾರ್ಡ್ ಬೋಲ್ಟ್ ಒಂಚೂರು ಸಡಿಲ ಇದ್ದರೂ ನಿಂತಲ್ಲೇ ಸ್ಟೀರಿಂಗ್ ಆಡಿಸಿದಾಗ ಟಕ್ ಅನ್ನುತ್ತೆ. ಹೊಂಡ ಹಾರಿದ ಮೇಲೆ 60-80ರಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ರೋಗ ಮುಚ್ಚಬೇಡಿ. ಟೈರ್ ಬ್ಯಾಲೆನ್ಸ್, ಪ್ಯಾನ್‌ಹಾರ್ಡ್ ಬುಶ್, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗೋ ಅಚ್ಚು) ಬೇರಿಂಗ್, ಈ ಕ್ರಮದಲ್ಲಿ ನೋಡಿ. ಸ್ಪ್ರಿಂಗ್ ಮೊದಲ ಸಾವಿರ ಕಿ.ಮೀ.ಯಲ್ಲಿ 5-10 ಮಿ.ಮೀ. ಕೂರುತ್ತೆ, ಅಲೈನ್‌ಮೆಂಟ್ ಆಮೇಲೆ ಇನ್ನೊಮ್ಮೆ.

ಹೆಡ್‌ಲೈಟ್ ಮರೀಬೇಡಿ. ಸ್ಪ್ರಿಂಗ್ ಬಿಚ್ಚೋ ಮೊದಲೇ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಲೈಟಿನ ನಡುಮಧ್ಯದ ಎತ್ತರಕ್ಕಿಂತ ಬೆಳಕಿನ ಅಂಚು ಎಷ್ಟು ಸೆಂ.ಮೀ. ಕೆಳಗಿದೆ ಅಂತ ಬರೆದಿಡಿ. ಎತ್ತರಿಸಿದ ಮೇಲೆ, ಅದೇ ಜಾಗದಲ್ಲಿ, ಲೈಟಿನ ಹೊಸ ಎತ್ತರದಿಂದ ಅಷ್ಟೇ ಕೆಳಗೆ ಬರೋ ಹಾಗೆ ಸ್ಕ್ರೂ ತಿರುಗಿಸಿ. ಹಿಂದೆ ಮುಂದೆ ಎತ್ತರ ಸಮ ಬರದೆ ಮೂತಿ ಸ್ವಲ್ಪ ಮೇಲೆದ್ದಿದ್ದರೂ ಘಾಟಿಯ ಮಂಜಲ್ಲಿ ಬೆಳಕೆಲ್ಲ ಎದುರಿಗೆ ಬರೋನ ಕಣ್ಣಿಗೆ ಹೋಗುತ್ತೆ.