ಸಹಾಯ ಬೇಕು: ಸ್ಟೆಂಟ್ ಇರೋರಿಗೆ ಮಾತ್ರೆ ನಿಲ್ಲಿಸದೇ ಹಲ್ಲು ಕೀಳೋರು ತುಮಕೂರಲ್ಲಿ ಇದಾರಾ?

ಎಲ್ರಿಗೂ ನಮಸ್ಕಾರ. ನಮ್ದು ಗುಬ್ಬಿ ಹತ್ರ ಹಳ್ಳಿ. ನಮ್ಮಪ್ಪಂಗೆ ಎಡಗಡೆ ಕೆಳಗಿನ ದವಡೆ ಹಲ್ಲು ಮುರಿದು ಬೇರು ಮಾತ್ರ ಉಳಿದಿದೆ. ಪಕ್ಕದ ಒಸಡು ಊದಿದೆ, ಒತ್ತಿದ್ರೆ ಕೀವು ಬರುತ್ತೆ. "ಮುದ್ದೆ ನುಂಗೋಕೆ ಹಲ್ಲು ಯಾಕೆ ಬಿಡು" ಅಂತ ತಮಾಷೆ ಮಾಡ್ತಾರೆ, ರಾತ್ರಿಯೆಲ್ಲ ಕೆನ್ನೆ ಹಿಡ್ಕೊಂಡು ಕೂತಿರ್ತಾರೆ.

ತೊಡಕು ಏನಂದ್ರೆ, ಅವ್ರಿಗೆ ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ (ನಾಳ ಮುಚ್ಚದಂತೆ ಒಳಗಿಡೋ ಸಣ್ಣ ಜಾಲರಿ ಕೊಳವೆ) ಹಾಕಿ ಇನ್ನೂ ವರ್ಷ ತುಂಬಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡೋ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆ ಎರಡೂ ನಡೀತಿದೆ. ಹಲ್ಲಿನ ಡಾಕ್ಟ್ರು 5 ದಿನ ಮಾತ್ರೆ ನಿಲ್ಲಿಸಿ ಬನ್ನಿ, ಇಲ್ದಿದ್ರೆ ರಕ್ತ ನಿಲ್ಲಲ್ಲ ಅಂದ್ರು. ಹಾರ್ಟ್ ಡಾಕ್ಟ್ರು ಒಂದು ದಿನಾನೂ ಬಿಡಂಗಿಲ್ಲ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ ಅಂತ ಚೀಟಿ ಬರ್ಕೊಟ್ರು. ಕಿತ್ತ ಗುಳಿಯೊಳಗೆ ಜೆಲಾಟಿನ್ ಸ್ಪಾಂಜ್ ಇಟ್ಟು, ಹೊಲಿಗೆ ಹಾಕಿ, ಬಟ್ಟೆ ಗಟ್ಟಿಯಾಗಿ ಕಚ್ಚಿಸಿ ಕೂರಿಸಿದ್ರೆ ರಕ್ತ ನಿಲ್ಲುತ್ತೆ ಅಂತಾನೂ ಹೇಳಿದ್ರು. ನಂಗೂ ಅದೇ ಸರಿ ಅನ್ಸುತ್ತೆ. ಚೀಟಿ ತೋರಿಸಿದ್ರೂ ಹಲ್ಲಿನೋರು ಮುಟ್ಟೋಕೆ ಒಪ್ತಿಲ್ಲ.

ಆಂಟಿಬಯೋಟಿಕ್ ಕೊಟ್ಟಾಗ ಊತ ಇಳೀತು, ಕೋರ್ಸ್ ಮುಗಿದ ಮೇಲೆ ಮತ್ತೆ ಬಂತು. ಬೇರು ತೆಗೆಯೋವರೆಗೂ ಇದೇ ಕಥೆಯಂತೆ. ನೋವಿನ ಮಾತ್ರೆ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳೋ ಹಾಗೂ ಇಲ್ಲ. ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಮಾತ್ರ ಅಂದಿದಾರೆ.

ಅಗಳಕೋಟೆ ಸಿದ್ಧಾರ್ಥ ಡೆಂಟಲ್ ಕಾಲೇಜಿನ ಓರಲ್ ಸರ್ಜರಿ ವಿಭಾಗದಲ್ಲಿ ಇಂಥೋರಿಗೆ ಮಾತ್ರೆ ನಿಲ್ಲಿಸದೇ ಹಲ್ಲು ಕೀಳ್ತಾರಾ? ಯಾರಾದ್ರೂ ಮಾಡಿಸಿದೀರಾ? ಇಲ್ಲಾ ಬೆಂಗಳೂರು ಸರ್ಕಾರಿ ದಂತ ಕಾಲೇಜಿಗೇ ಕರ್ಕೊಂಡು ಹೋಗ್ಬೇಕಾ? ಚೀಟಿ ಜೊತೆ ಯಾವ ರಕ್ತಪರೀಕ್ಷೆ ರಿಪೋರ್ಟ್ ಕೇಳ್ತಾರೆ, ಗೊತ್ತಿರೋರು ದಯವಿಟ್ಟು ಹೇಳಿ.