ಡ್ರಾಬ್ರಿಡ್ಜ್‌ಗೆ ನಡೆದು ಹೋಗೋದು ಬೇಡ: ಫ್ರೀಮಾಂಟ್ ಬಗ್ಗೆ ನಮ್ಮ ಮನೆ ಗುಂಪಿನ ವಾದ

ದೊಡ್ಡಪ್ಪ, ದೊಡ್ಡಮ್ಮ ಮುಂದಿನ ತಿಂಗಳು ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ, ಅಕ್ಕನ ಮನೆಗೆ ಬರುತ್ತಿದ್ದಾರೆ. ದೊಡ್ಡಪ್ಪ ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನಿರುವುದು ಪಕ್ಕದ ಯೂನಿಯನ್ ಸಿಟಿಯಲ್ಲಿ. ಫ್ರೀಮಾಂಟ್‌ಗೆ ಬರುವ ಬೇರೆ ಮನೆಯವರಿಗೂ ಉಪಯೋಗ ಆಗಲಿ ಅಂತ, ಎಲ್ಲರನ್ನೂ ಕೇಳಿ ನಮ್ಮ ಗುಂಪಿನ ಈ ಮಾತುಕತೆಯನ್ನು ಹಾಕಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ಕಾರ್ಡು) ಫ್ರೀಮಾಂಟ್, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ದಂಡೆಯ ಊರು! ನೋಡಲೇಬೇಕಾದ 5 ಐತಿಹಾಸಿಕ ಜಾಗಗಳು. 1. ಮಿಷನ್ ಸ್ಯಾನ್ ಹೋಸೆ: 1797ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಚರ್ಚ್, ಇಂದಿಗೂ ಹಾಗೇ ನಿಂತಿದೆ. 2. ನೈಲ್ಸ್: ಚಾಪ್ಲಿನ್ ಸಿನಿಮಾ ಮಾಡಿದ ಊರು. 3. ಆರ್ಡನ್‌ವುಡ್: ಪ್ಯಾಟರ್ಸನ್ ಸಾಹುಕಾರರ ಬಂಗಲೆ. 4. ಡ್ರಾಬ್ರಿಡ್ಜ್: ಭೂತಗಳ ಊರು, ಹಳಿ ಮೇಲೆ ನಡೆದು ಹೋಗಿ ಫೋಟೋ ತೆಗೆದುಕೊಳ್ಳಿ. 5. ಟೆಸ್ಲಾ ಕಾರ್ಖಾನೆ. ಎಲ್ಲರಿಗೂ ಹಂಚಿ.

ದೊಡ್ಡಪ್ಪ: ಇಷ್ಟೂ ಒಂದು ದಿನಕ್ಕೆ ಆಗುತ್ತಾ?

ಅಕ್ಕ: ಎಲ್ಲ ಹತ್ತಿರ ಹತ್ತಿರವೇ ಇವೆ ಅಪ್ಪ. ಆದರೆ ಒಂದೇ ದಿನ ಬೇಡ, ಸುಸ್ತಾಗುತ್ತೆ.

ನಾನು: ದೊಡ್ಡಪ್ಪ, ಇದನ್ನು ದಯವಿಟ್ಟು ಬೇರೆ ಗುಂಪುಗಳಿಗೆ ಕಳಿಸಬೇಡಿ. ಮೊದಲನೆಯದು ತಪ್ಪು. ನಾಲ್ಕನೆಯದು ಅಪಾಯ.

ಚಿಕ್ಕಮ್ಮ: ಫಾರ್ವರ್ಡ್ ಬಂದ ಕೂಡಲೇ ತಪ್ಪು ಹುಡುಕಬೇಕಾ? ಅವರು ಎಷ್ಟು ಖುಷಿಯಿಂದ ಕಳಿಸಿದ್ದಾರೆ.

ನಾನು: ಖುಷಿಯಿಂದಲೇ ನೋಡಲಿ ಚಿಕ್ಕಮ್ಮ. ಏನು ನೋಡುತ್ತಿದ್ದೇವೆ ಅಂತ ಗೊತ್ತಿದ್ದು ನೋಡಲಿ ಅಂತಷ್ಟೇ. ಮಿಷನ್ ಅಂದರೆ ಇಲ್ಲಿನ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡೋಕೆ ಸ್ಪೇನಿನವರು ಮಾಡಿಕೊಂಡ ನೆಲೆ. 1797 ಅನ್ನೋದು ಅದು ಶುರುವಾದ ವರ್ಷ. ಮಣ್ಣಿನ ಇಟ್ಟಿಗೆಯ ದೊಡ್ಡ ಚರ್ಚ್ ಮುಗಿದದ್ದು 1809ರಲ್ಲಿ. 1868ರ ಅಕ್ಟೋಬರ್ 21ರಂದು ಇಲ್ಲಿ ದೊಡ್ಡ ಭೂಕಂಪ ಆಯಿತು. ಹೇವರ್ಡ್ ಫಾಲ್ಟ್ ಅನ್ನುವ ಭೂಮಿಯ ಬಿರುಕು ಈ ಊರಿನ ಅಡಿಯಲ್ಲೇ ಹಾದು ಹೋಗುತ್ತೆ. ಚರ್ಚ್ ಹಾಳಾಯಿತು. ಅದೇ ಜಾಗದಲ್ಲಿ ಮರದ ಚರ್ಚ್ ಬಂತು, ನೂರು ವರ್ಷಕ್ಕೂ ಜಾಸ್ತಿ ಇತ್ತು. ಆಮೇಲೆ ಅದನ್ನು ಸ್ಯಾನ್ ಮಟೇಯೊಗೆ ಸಾಗಿಸಿ, 1809ರದ್ದು ಹೇಗಿತ್ತೋ ಹಾಗೇ ಹೊಸದಾಗಿ ಕಟ್ಟಿದರು. ಅದು ಮುಗಿದದ್ದು 1985ರಲ್ಲಿ. ಪಾದ್ರಿಗಳು ವಾಸವಿದ್ದ ಕಟ್ಟಡದ ಒಂದು ಭಾಗ ಪಕ್ಕದಲ್ಲಿದೆ, ಈಗ ಮ್ಯೂಸಿಯಂ. ನಿಜವಾಗಿ ಹಳೆಯದು ಅದು.

ಭಾವ: 1985ರ ಕಟ್ಟಡ ತೋರಿಸೋಕೆ ಮಾವನವರನ್ನು ಯಾಕೆ ಸುತ್ತಿಸಬೇಕು? ಅವರ ಮಂಡಿ ನೋವು ನಿಮಗೂ ಗೊತ್ತು. ಗೋಲ್ಡನ್ ಗೇಟ್, ಸ್ಟ್ಯಾನ್‌ಫರ್ಡ್ ತೋರಿಸೋಣ.

ದೊಡ್ಡಪ್ಪ: ಅದೇನು ಮಾತು ಅಳಿಯಂದಿರೇ. ನಮ್ಮ ಮೈಸೂರಿನ ಹಳೆ ಅರಮನೆ 1897ರಲ್ಲಿ ಸುಟ್ಟು ಹೋಯಿತು. ಈಗಿರೋದು ಮುಗಿದದ್ದು 1912ರಲ್ಲಿ. ಹಾಗಂತ ಯಾರಾದರೂ ನೋಡದೆ ಬಿಡುತ್ತಾರಾ? ಮತ್ತೆ ಕಟ್ಟಿದರು ಅನ್ನೋದೂ ಇತಿಹಾಸವೇ.

ಭಾವ: ಅರಮನೆಯಲ್ಲಿ ದಸರಾ ನಡೆಯುತ್ತೆ ಮಾವ. ಇಲ್ಲಿ ಏನಿದೆ?

ನಾನು: ಭಾವ, ಇಲ್ಲಿರೋದು ಅದನ್ನು ಕಟ್ಟಿದವರ ಕಥೆ. ನನ್ನ ತಕರಾರು ಇರೋದೂ ಅಲ್ಲೇ. "ಪಾದ್ರಿಗಳು ಕಟ್ಟಿದ" ಅಂತ ಬರೆದಿದ್ದಾರೆ. ಇಟ್ಟಿಗೆ ಹಾಕಿದವರು, ಹೊಲ ಉತ್ತವರು, ದನ ಕಾಯ್ದವರು ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ, ಆಮೇಲೆ ಒಳನಾಡಿನಿಂದ ಬಂದ ಯೋಕುಟ್ಸ್, ಮಿವೋಕ್ ಜನ. ಒಮ್ಮೆ ದೀಕ್ಷೆ ಕೊಟ್ಟ ಮೇಲೆ ಅವರು ಇಷ್ಟ ಬಂದಂತೆ ಬಿಟ್ಟು ಹೋಗುವ ಹಾಗಿರಲಿಲ್ಲ. ಓಡಿ ಹೋದರೆ ಸೈನಿಕರು ಹಿಡಿದು ತರುತ್ತಿದ್ದರು. 1806ರಲ್ಲಿ ದಡಾರ ಬಂದು ಎಷ್ಟೋ ಜನ ಸತ್ತರು. ಈ ಮಿಷನ್ನಿನಲ್ಲೇ ಇದ್ದ ಎಸ್ತಾನಿಸ್ಲಾವೊ ಅನ್ನುವ ಯೋಕುಟ್ಸ್ ಮನುಷ್ಯ ಹೊರಗೆ ಹೋಗಿ, ಜನ ಕೂಡಿಸಿ, 1829ರವರೆಗೆ ಸೈನ್ಯದ ವಿರುದ್ಧ ನಿಂತ. ಸ್ಟ್ಯಾನಿಸ್ಲಾಸ್ ನದಿಗೆ ಅವನದೇ ಹೆಸರು. ಭಾವ, ಯೊಸೆಮಿಟಿ ಕಡೆ ಹೋಗುವಾಗ ಆ ಹೆಸರಿನ ಬೋರ್ಡ್ ನೀವೂ ನೋಡಿರುತ್ತೀರಿ.

ಭಾವ: ನೋಡಿದ್ದೇನೆ. ಮನುಷ್ಯನ ಹೆಸರು ಅಂತ ಗೊತ್ತಿರಲಿಲ್ಲ.

ನಾನು: ಈ ಪಟ್ಟಿಯಲ್ಲಿ ಓಲೋನಿ ಸ್ಮಶಾನ ಇಲ್ಲವೇ ಇಲ್ಲ. ಮಿಷನ್‌ನಿಂದ ಸ್ವಲ್ಪ ದೂರ, ವಾಷಿಂಗ್ಟನ್ ಬುಲೆವಾರ್ಡ್ ಪಕ್ಕದಲ್ಲೇ ಇದೆ. ಸುಮಾರು 4,000 ಓಲೋನಿ ಜನರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಬೇಲಿ, ಒಂದು ಕಲ್ಲು, ಅಷ್ಟೇ. ಕಾರುಗಳು ನಿಲ್ಲದೆ ಹೋಗುತ್ತವೆ. ನನಗೆ ಇದು ಸಹಿಸೋಕೆ ಆಗಲ್ಲ. ಪಟ್ಟಿಯಲ್ಲಿ ಮೊದಲು ಇರಬೇಕಾದ್ದು ಅದು.

ಚಿಕ್ಕಮ್ಮ: ಅಯ್ಯೋ, ದೂರದ ಊರಿಗೆ ಬಂದ ಹಿರಿಯರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗ್ತೀಯಾ? ಬೇಡಪ್ಪ.

ದೊಡ್ಡಮ್ಮ: ಒಳಗೆ ಹೋಗೋದು ಬೇಡ. ರಸ್ತೆಯಲ್ಲೇ ನಿಂತು ಕೈ ಮುಗಿಯಬಹುದಲ್ವಾ? ಅಷ್ಟು ಜನ ಅಂದರೆ ಎಷ್ಟು ಮನೆಗಳು.

ಚಿಕ್ಕಮ್ಮ: ರಸ್ತೆಯಿಂದ ಆದರೆ ಸರಿ ಅಕ್ಕ.

ಅಕ್ಕ: ಪುಟ್ಟಿ ಈ ವರ್ಷ ನಾಲ್ಕನೇ ಕ್ಲಾಸು. ಇಲ್ಲಿ ಮೊದಲೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳು ರಟ್ಟಿನಲ್ಲಿ ಮಿಷನ್ ಮಾಡಲ್ ಮಾಡಿಕೊಂಡು ಹೋಗಬೇಕಿತ್ತು. 2016ರಲ್ಲಿ ಪಾಠದ ಚೌಕಟ್ಟು ಬದಲಾದ ಮೇಲೆ ಅದು ಬೇಡ ಅಂದಿದ್ದಾರೆ. ಕಟ್ಟಡದ ಆಟಿಕೆ ಮಾಡಿದರೆ ಒಳಗಿದ್ದವರ ಬದುಕು ಗೊತ್ತಾಗಲ್ಲ ಅಂತ. ಇವಳೂ ಬರಲಿ. ತಾತನ ಜೊತೆ ನೋಡಲಿ.

ಭಾವ: ಒಪ್ಪಿದೆ. ಆದರೆ ಒಂದು ಮಾತು. ನೀವೆಲ್ಲ ಐದನೆಯದನ್ನು ಸುಮ್ನೆ ಬಿಟ್ಟುಬಿಟ್ಟಿರಿ. ಆ ಕಾರ್ಖಾನೆಗೂ ಇತಿಹಾಸ ಇದೆ. 1962ರಿಂದ 1982ರವರೆಗೆ ಅದು ಜನರಲ್ ಮೋಟರ್ಸ್‌ನದ್ದು. 1984ರಿಂದ 2010ರವರೆಗೆ ಜಿಎಂ, ಟೊಯೋಟ ಸೇರಿ ನಡೆಸಿದ ನುಮ್ಮಿ. ಟೊಯೋಟ ತನ್ನ ಕೆಲಸದ ರೀತಿಯನ್ನು ಅಮೆರಿಕದವರಿಗೆ ಕಲಿಸಿದ್ದು ಇಲ್ಲೇ. ಟೆಸ್ಲಾ ಬಂದದ್ದು ಆಮೇಲೆ. ಸಾವಿರಾರು ಜನ ಇಲ್ಲಿ ಕೆಲಸ ಕಳೆದುಕೊಂಡಿದ್ದಾರೆ. ದುಡಿದವರ ಕಥೆ ಬೇಕು ಅನ್ನೋದಾದರೆ ಇದೂ ಸೇರಬೇಕು.

ನಾನು: ಖಂಡಿತ ಸೇರಬೇಕು ಭಾವ. ಕಾರ್ಡಿನಲ್ಲಿ "ಟೆಸ್ಲಾ ಕಾರ್ಖಾನೆ" ಅಂತಷ್ಟೇ ಇದೆ. ನೀವು ಹೇಳಿದ ಹಾಗಿದ್ದರೆ ನಾನು ಯಾಕೆ ಜಗಳ ಆಡುತ್ತಿದ್ದೆ? ಆರ್ಡನ್‌ವುಡ್ ಬಗ್ಗೆಯೂ ಅದೇ ಮಾತು. ಜಾರ್ಜ್ ಪ್ಯಾಟರ್ಸನ್ 1849ರಲ್ಲಿ ಚಿನ್ನ ಹುಡುಕಿಕೊಂಡು ಬಂದವರು. ಚಿನ್ನ ಕೈಗೆ ಹತ್ತಲಿಲ್ಲ, ಬೇಸಾಯಕ್ಕೆ ಇಳಿದರು. ಈಗಲೂ ಅಲ್ಲಿ ಹೊಲ ಇದೆ, ಬೆಳೆ ಇದೆ. ಬಂಗಲೆಗಿಂತ ಅದೇ ಚೆನ್ನ. ದೊಡ್ಡಮ್ಮನಿಗೆ ಇಷ್ಟ ಆಗುತ್ತೆ.

ದೊಡ್ಡಪ್ಪ: ಡ್ರಾಬ್ರಿಡ್ಜ್ ಬಗ್ಗೆ ಹೇಳು. ಅಪಾಯ ಅಂದೆಯಲ್ಲ.

ನಾನು: ಕೊಲ್ಲಿಯ ದಕ್ಷಿಣ ತುದಿಯ ಕೆಸರಿನಲ್ಲಿ ಒಂದು ಪುಟ್ಟ ದ್ವೀಪ ದೊಡ್ಡಪ್ಪ. 1876ರಲ್ಲಿ ಸೌತ್ ಪೆಸಿಫಿಕ್ ಕೋಸ್ಟ್ ಕಂಪನಿ ಅಲ್ಲಿ ನ್ಯಾರೋಗೇಜ್ ಹಳಿ ಹಾಕಿತು. ದ್ವೀಪದ ಎರಡೂ ಕಡೆ ಕಾಲುವೆ. ದೋಣಿಗಳು ಹಾದು ಹೋಗಬೇಕಲ್ಲ, ಅದಕ್ಕೆ ಎರಡೂ ಸೇತುವೆಗಳನ್ನು ಕೈಯಿಂದ ತಿರುಗಿಸಿ ದಾರಿ ಬಿಡಬೇಕಿತ್ತು. ಆ ಕೆಲಸದವನಿಗೆ ಒಂದು ಗುಡಿಸಲು. ಊರು ಶುರುವಾದದ್ದು ಆ ಗುಡಿಸಲಿಂದ. ಬಾತುಕೋಳಿ ಬೇಟೆಗೆ ಬಂದವರು ಕಂಬಗಳ ಮೇಲೆ ಮನೆ ಕಟ್ಟಿಕೊಂಡರು. ರಸ್ತೆ ಕೊನೆವರೆಗೂ ಬರಲೇ ಇಲ್ಲ. ರೈಲೇ ಎಲ್ಲ.

ದೊಡ್ಡಪ್ಪ: ಒಬ್ಬನೇ ಎರಡು ಸೇತುವೆ ನೋಡಿಕೊಳ್ಳುತ್ತಿದ್ದನಾ? ರಾತ್ರಿ ಪಾಳಿ, ಮಂಜು, ದೋಣಿ ಒಂದು ಕಡೆ, ಗಾಡಿ ಒಂದು ಕಡೆ. ಹೇಗೆ ನಿಭಾಯಿಸಿದನೋ. ಆಮೇಲೆ ಊರು ಏನಾಯಿತು?

ನಾನು: ಸುತ್ತಲಿನ ಊರುಗಳವರು ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯಿತು. ಉಪ್ಪಿನ ಗದ್ದೆಗಳು ಬಂದವು. ಚರಂಡಿ ನೀರು ಸೇರಿ ಕೊಲ್ಲಿ ಕೆಟ್ಟಿತು. ಬಾತುಕೋಳಿ ಕಡಿಮೆಯಾಯಿತು, ಜನ ಬಿಟ್ಟು ಹೋದರು. ಕೊನೆಯವರು ಹೋದದ್ದು 1979ರಲ್ಲಿ. ಮನೆಗಳು ಕೆಸರಿನಲ್ಲಿ ಮುಳುಗುತ್ತಾ ಇವೆ. ಭೂತ ಗೀತ ಏನಿಲ್ಲ. ಈಗ ಅದು ಡಾನ್ ಎಡ್ವರ್ಡ್ಸ್ ವನ್ಯಜೀವಿ ಧಾಮದ ಒಳಗಿದೆ, ಜನರಿಗೆ ಪ್ರವೇಶ ಇಲ್ಲ. ಆದರೂ ಈ ಕಾರ್ಡು "ಹಳಿ ಮೇಲೆ ನಡೆದು ಹೋಗಿ" ಅನ್ನುತ್ತೆ. ಆ ಹಳಿಯಲ್ಲಿ ದಿನವೂ ಪ್ರಯಾಣಿಕರ ರೈಲು, ಗೂಡ್ಸ್ ಓಡುತ್ತವೆ.

ಭಾವ: ನನ್ನ ಜೊತೆ ಕೆಲಸ ಮಾಡುವ ಹುಡುಗರು ಹೋಗಿ ಬಂದಿದ್ದಾರೆ. ಏನೂ ಆಗಿಲ್ಲ.

ದೊಡ್ಡಪ್ಪ: ಅಳಿಯಂದಿರೇ, ಆ ಮಾತು ಆಡಬೇಡಿ. ಗಾಡಿ ಬರುವ ಸದ್ದು ಕೇಳಿದಾಗ ಪಕ್ಕಕ್ಕೆ ಸರಿಯುತ್ತೇನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸೇತುವೆ ಮೇಲೆ ಸರಿಯೋಕೆ ಜಾಗ ಎಲ್ಲಿ? ಡ್ರೈವರ್ ಬ್ರೇಕ್ ಹಾಕಿದರೂ ಗಾಡಿ ನಿಲ್ಲೋಕೆ ಎಷ್ಟೋ ದೂರ ಬೇಕು. ಹಳಿ ಮೇಲಿಂದ ಹೆಣ ಎತ್ತೋದನ್ನು ನಾನು ನೋಡಿದ್ದೇನೆ. ಇದನ್ನು ನಾನು ಇನ್ನೂ ಎರಡು ಗುಂಪಿಗೆ ಕಳಿಸಿದ್ದೆ. ಈಗಲೇ ಅಳಿಸುತ್ತೇನೆ.

ಭಾವ: ಸರಿ ಮಾವ. ಆ ಹುಡುಗರಿಗೂ ಹೇಳುತ್ತೇನೆ.

ನಾನು: ದೊಡ್ಡಪ್ಪ, ನಡೆಯದೇ ನೋಡಬಹುದು. ಸೆಂಟರ್‌ವಿಲ್‌ನ ಹಳೇ ಸ್ಟೇಷನ್ನಿನಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿ, ಸ್ಯಾಂಟಾ ಕ್ಲಾರಾ ಗ್ರೇಟ್ ಅಮೆರಿಕದಲ್ಲಿ ಇಳಿದರೆ ಆಯಿತು. ರೈಲು ಡ್ರಾಬ್ರಿಡ್ಜ್ ನಡುವೆಯೇ ಹೋಗುತ್ತೆ. ಮುಳುಗಿದ ಮನೆಗಳು ಕಿಟಕಿಯಿಂದ ಕಾಣುತ್ತವೆ.

ದೊಡ್ಡಪ್ಪ: ಹಾಗೆ ಹೇಳು ಮತ್ತೆ! ಅದು ನನಗೆ ಬೇಕು.

ಅಕ್ಕ: ಅಪ್ಪ, ನೈಲ್ಸ್ ಕೂಡ ನಿಮಗೇ. ಚಾಪ್ಲಿನ್ 1915ರಲ್ಲಿ ಎಸನೇ ಕಂಪನಿಗೆ ಐದು ಸಿನಿಮಾ ಮಾಡಿದ್ದು ಅಲ್ಲಿ. ಆ ಸ್ಟುಡಿಯೋ ಈಗಿಲ್ಲ, 1933ರಲ್ಲಿ ಕೆಡವಿದರು. ಹಳೇ ಥಿಯೇಟರ್ ಒಂದಿದೆ, ಮೂಕಿ ಚಿತ್ರ ಹಾಕುತ್ತಾರೆ. ಪಕ್ಕದ ಕಣಿವೆಯಲ್ಲಿ ಹಳೇ ರೈಲು ಓಡಿಸುತ್ತಾರೆ.

ನಾನು: ಆ ಕಣಿವೆ ದಾರಿಯಲ್ಲೇ 1869ರ ಸೆಪ್ಟೆಂಬರ್‌ನಲ್ಲಿ ಖಂಡ ದಾಟಿ ಬಂದ ರೈಲು ಕೊಲ್ಲಿ ದಂಡೆ ಮುಟ್ಟಿತು. ಹಳಿ ಹಾಕಿದವರಲ್ಲಿ ಚೀನಾದಿಂದ ಬಂದವರೇ ಜಾಸ್ತಿ.

ಭಾವ: ಸರಿ, ಕೇಳಿ. ಮೊದಲ ಶನಿವಾರ ಮಿಷನ್, ವಾಷಿಂಗ್ಟನ್ ಬುಲೆವಾರ್ಡ್, ಮಧ್ಯಾಹ್ನ ನೈಲ್ಸ್. ಭಾನುವಾರ ಗೋಲ್ಡನ್ ಗೇಟ್, ಅದನ್ನು ನಾನು ಬಿಡಲ್ಲ. ಡ್ರಾಬ್ರಿಡ್ಜ್ ರೈಲು ವಾರದ ನಡುವೆ. ನಾನು ರಜೆ ಹಾಕುತ್ತೇನೆ.

ನಾನು: ಕಯೋಟಿ ಹಿಲ್ಸ್ ಸೇರಿಸಿ ಭಾವ. ಓಲೋನಿ ಜನ 2,000 ವರ್ಷಕ್ಕೂ ಹಿಂದಿನಿಂದ ಬದುಕಿದ ಜಾಗ ಅದು, ಅವರು ತಿಂದು ಬಿಟ್ಟ ಚಿಪ್ಪುಗಳು ರಾಶಿಯಾಗಿ ಆದ ದಿಬ್ಬ ಅಲ್ಲಿದೆ. ಸ್ಮಶಾನ ಒಂದನ್ನೇ ನೋಡಿದರೆ ಅವರು ಸತ್ತದ್ದು ಮಾತ್ರ ಗೊತ್ತಾಗುತ್ತೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಈ ಕೊಲ್ಲಿಯ ಸುತ್ತಲೇ ಇದ್ದಾರೆ. ಮುವೆಕ್ಮಾ ಓಲೋನಿಯವರು ಕೇಂದ್ರ ಸರ್ಕಾರದ ಮಾನ್ಯತೆಗಾಗಿ ಎಷ್ಟೋ ವರ್ಷದಿಂದ ಹೋರಾಡುತ್ತಿದ್ದಾರೆ. ದಿಬ್ಬಕ್ಕೆ ಗೈಡ್ ಜೊತೆಗೇ ಹೋಗಬೇಕು, ಮೊದಲೇ ಹೆಸರು ಕೊಡಬೇಕು.

ಅಕ್ಕ: ನಾನು ಕೊಡುತ್ತೇನೆ. ಎಷ್ಟು ಜನ ಅಂತ ಹೇಳಿ.

ದೊಡ್ಡಮ್ಮ: ಪುಟ್ಟಿ ಸೇರಿ ಆರು. ನಡಿಗೆ ಎಷ್ಟಿದೆ ಅಂತ ಮೊದಲೇ ಕೇಳಿಕೋ, ಇವರ ಮಂಡಿಗೆ.