ಬ್ರೌನ್‌ಫೀಲ್ಡ್, ರೆಮಿಡಿಯೇಶನ್, ರಿವರ್‌ಫ್ರಂಟ್: ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ನದಿದಂಡೆಯ ಮುಚ್ಚಿದ ಕಾರ್ಖಾನೆ ಜಾಗಗಳನ್ನು ಮತ್ತೆ ಬಳಕೆಗೆ ತರುವ ಕುರಿತ ಬರಹದಲ್ಲಿ ಬ್ರೌನ್‌ಫೀಲ್ಡ್‌ಗೆ ‘ಬಂಜರು’, ರೆಮಿಡಿಯೇಶನ್‌ಗೆ ‘ಪರಿಹಾರ’, ರಿವರ್‌ಫ್ರಂಟ್‌ಗೆ ‘ನದೀಮುಖ’ ಸರಿಹೋಗುತ್ತವೆಯೇ?

ಉತ್ತರ: ಮೂರೂ ಬೇಡ.

ಬಂಜರು ಎಂದರೆ ಬೆಳೆ ಬಾರದ ನೆಲ. ಬೀಳು ಎಂದರೆ ಉಳದೆ ಬಿಟ್ಟದ್ದು, ಉತ್ತರೆ ಮತ್ತೆ ಬೆಳೆದೀತು. ಬ್ರೌನ್‌ಫೀಲ್ಡ್ ಎಂಬುದು ಒಮ್ಮೆ ಕಟ್ಟಿ, ಬಳಸಿ, ಬಿಟ್ಟುಹೋದ ಜಾಗ; ಅಲ್ಲಿ ಆಳೆತ್ತರ ಗಿಡ ಬೆಳೆದಿರಲೂಬಹುದು. ‘ಪಾಳು ಕೈಗಾರಿಕಾ ನೆಲ’ ಅನ್ನಿ. ‘ಕಂದುನೆಲ’ ಎಂದರೆ ಓದುಗರಿಗೆ ಮಣ್ಣಿನ ಬಣ್ಣವೇ ಕಾಣುತ್ತದೆ. ಪಾಳು ಬಿದ್ದದ್ದೆಲ್ಲ ಕಲುಷಿತವಲ್ಲ. ಮಣ್ಣನ್ನೂ ಅಂತರ್ಜಲವನ್ನೂ ಪರೀಕ್ಷಿಸಿದ ಮೇಲಷ್ಟೇ ‘ಕಲುಷಿತ ನೆಲ’ ಎಂಬ ಮಾತು.

ರೆಮಿಡಿಯೇಶನ್, ಅಂದರೆ ಕಲುಷಿತ ನೆಲದ ಅಪಾಯ ತಗ್ಗಿಸಿ ಮತ್ತೆ ಬಳಕೆಗೆ ಸಜ್ಜುಮಾಡುವ ಕೆಲಸ. ಈ ಪದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ಪರಿಹಾರ’ ಎಂದೊಡನೆ ಭೂಸ್ವಾಧೀನದ ದುಡ್ಡು ನೆನಪಾಗುತ್ತದೆ. ‘ಶುದ್ಧೀಕರಣ’ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಎಷ್ಟೋ ಕಡೆ ವಿಷವನ್ನು ತೆಗೆಯುವುದೇ ಇಲ್ಲ. ಕೆಳಗೆ ಕಲುಷಿತ ಮಣ್ಣಿದೆ ಎಂದು ತೋರಿಸುವ ಗುರುತಿನ ಬಟ್ಟೆ ಹಾಸಿ, ಮೇಲೆ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಒಳ್ಳೆಯ ಮಣ್ಣು ಹೊದಿಸುತ್ತಾರೆ. ಶುದ್ಧವಾಯಿತೆಂದು ಓದಿದವರು ಮುಂದೆ ಅಲ್ಲಿ ಕಂಬದ ಅಡಿಪಾಯ ಇಳಿಸಿದರೆ, ಕೆಳಗಿನ ಜೇಡಿಪದರ ತೂತಾಗಿ ವಿಷ ಅಂತರ್ಜಲಕ್ಕೆ, ಅಲ್ಲಿಂದ ಹೊಳೆಗೆ ಇಳಿಯಬಹುದು. ಆದ್ದರಿಂದ ಒಟ್ಟು ಕೆಲಸಕ್ಕೆ ‘ನೆಲದ ಉಪಚಾರ’, ಈ ವಿಧಾನಕ್ಕೆ ‘ಹೊದಿಕೆ’ ಎಂದು ಬೇರೆಬೇರೆ ಹೇಳಬೇಕು. 2012ರ ಒಲಿಂಪಿಕ್ಸ್‌ಗಾಗಿ ಲಂಡನ್ನಿನ ಲೀ ನದಿಯ ಬಯಲಿನಲ್ಲಿ ಮಣ್ಣು ತೊಳೆದ ತಾಣವನ್ನು ‘ಮಣ್ಣಿನ ಆಸ್ಪತ್ರೆ’ ಎಂದೇ ಕರೆದರು. ಉಪಚಾರ ಅದಕ್ಕೂ ಹೊಂದುತ್ತದೆ. ‘ಮಣ್ಣು ತೊಳೆತ’ವಂತೂ ಅಕ್ಷರಶಃ ತೊಳೆತವೇ: ವಿಷ ಹೆಚ್ಚಾಗಿ ನುಣ್ಣನೆಯ ಕಣಗಳಿಗೆ ಅಂಟಿರುತ್ತದೆ, ಅವನ್ನು ಬೇರ್ಪಡಿಸಿದರೆ ಮರಳು, ಜಲ್ಲಿ ಮರುಬಳಕೆಗೆ ಸಿಗುತ್ತವೆ. ಜೇಡಿಯೇ ಹೆಚ್ಚಿದ್ದರೆ ಈ ವಿಧಾನ ಗಿಟ್ಟುವುದಿಲ್ಲ.

ಲೋಹ ಕರಗಿಸಿದಾಗ ಉಳಿಯುವ ಕಸಕ್ಕೆ, ಅಂದರೆ ಕುಲುಮೆಯ ಸ್ಲ್ಯಾಗ್‌ಗೆ, ‘ಕಿಟ್ಟ’ ಎಂಬ ನಮ್ಮದೇ ಪದವಿದೆ, ದಯವಿಟ್ಟು ಬಳಸಿ. ಟಾರ್‌ಗೆ ‘ಡಾಂಬರು’ ಎಂದಷ್ಟೇ ಹೇಳುವುದು ಮಾತ್ರ ಬೇಡ: ರಸ್ತೆಗೆ ಹಾಕುವುದಕ್ಕೂ ಅದೇ ಹೆಸರು. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಗಳ ನೆಲದಲ್ಲಿ ಸಿಗುವುದು ಕಲ್ಲಿದ್ದಲಿನ ಡಾಂಬರು, ಅದರಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳಿವೆ.

ಇನ್ನು ‘ನದೀಮುಖ’. ಭೂಗೋಳದಲ್ಲಿ ಅದು ನದಿ ಕಡಲು ಸೇರುವ ಅಳಿವೆ. ರಿವರ್‌ಫ್ರಂಟ್‌ಗೆ ‘ಹೊಳೆಯಂಚು’ ಅಥವಾ ‘ನದಿದಂಡೆ’ ಧಾರಾಳವಾಗಿ ಸಾಕು.